ಸಹಜ ರೋಗನಿರೋಧಕತೆ: ಉರಿಯೂತ ಮತ್ತು ಜೀವಕೋಶದ ಸಾವು

• ಗುರುತಿಸುವಿಕೆ: ಟೋಲ್ ಮಾದರಿಯ ಗ್ರಾಹಕಗಳು ರೋಗಾಣುವಿನ ಅಂಶಗಳನ್ನು ಪತ್ತೆಹಚ್ಚಿ, ಉರಿಯೂತದ ವಂಶವಾಹಿಗಳನ್ನು ಚಾಲನೆಗೊಳಿಸುತ್ತವೆ.

• ನೊಬೆಲ್ 2011 (ವೈದ್ಯಕೀಯ): ಬ್ರೂಸ್ ಬ್ಯೂಟ್ಲರ್, ಜೂಲ್ಸ್ ಹಾಫ್‌ಮನ್ – ಸಹಜ ನಿರೋಧಕತೆ, ರಾಲ್ಫ್ ಸ್ಟೈನ್‌ಮನ್ – ಡೆಂಡ್ರಿಟಿಕ್ ಕೋಶ.

• ಇನ್‌ಫ್ಲಮಸೋಮ್: ಕ್ಯಾಸ್ಪೇಸ್-1 ಕಿಣ್ವವನ್ನು ಸಕ್ರಿಯಗೊಳಿಸುವ ಪ್ರೋಟೀನ್ ಸಮೂಹ. ಈ ಕಿಣ್ವ ಇಂಟರ್‌ಲ್ಯೂಕಿನ್-1 ಬೀಟಾವನ್ನು ಪಕ್ವಗೊಳಿಸುತ್ತದೆ.

• ಕೋಶ ಸಾವಿನ ಬಗೆಗಳು:
1. ಅಪೊಪ್ಟೋಸಿಸ್ – ಕ್ಯಾಸ್ಪೇಸ್-3, ಸಾಮಾನ್ಯವಾಗಿ ಉರಿಯೂತವಿಲ್ಲ.
2. ಪೈರೊಪ್ಟೋಸಿಸ್ – ಗ್ಯಾಸ್ಡರ್ಮಿನ್-ಡಿ ಕೋಶಪೊರೆಯಲ್ಲಿ ರಂಧ್ರ ಕೊರೆಯುತ್ತದೆ, ಉರಿಯೂತ ತೀವ್ರ.
3. ನೆಕ್ರೊಪ್ಟೋಸಿಸ್ – ಆರ್‌ಐಪಿಕೆ-3, ಎಂಎಲ್‌ಕೆಎಲ್, ಪೊರೆ ಒಡೆಯುತ್ತದೆ.

• ಪರಸ್ಪರ ಸಂಬಂಧ: ಕ್ಯಾಸ್ಪೇಸ್-8 ಅಪೊಪ್ಟೋಸಿಸ್‌ಗೆ ಚಾಲನೆ ನೀಡಿ, ನೆಕ್ರೊಪ್ಟೋಸಿಸನ್ನು ತಡೆಯುತ್ತದೆ. ವೈರಾಣು ಈ ಕ್ಯಾಸ್ಪೇಸನ್ನು ಅಡಗಿಸಿದರೆ ಕೋಶ ನೆಕ್ರೊಪ್ಟೋಸಿಸ್‌ನತ್ತ ಹೊರಳಬಲ್ಲದು.

• ಪ್ಯಾನೊಪ್ಟೋಸಿಸ್: ಮೇಲಿನ ಮೂರೂ ಬಗೆಗಳ ಲಕ್ಷಣಗಳು ಕೂಡಿದ ಸಾವು. ಪರಿಕಲ್ಪನೆ – ಭಾರತ ಮೂಲದ ತಿರುಮಲಾದೇವಿ ಕನ್ನೆಗಂಟಿ, ಸೇಂಟ್ ಜೂಡ್ ಸಂಶೋಧನಾ ಆಸ್ಪತ್ರೆ, ಅಮೆರಿಕ.