ಓದು ಮುಗಿಯಿತು, ಸಾಫ್ಟ್‌ವೇರ್ ಕೆಲಸ ಸಿಕ್ಕಿಲ್ಲ: ತಾಯಿ ಮತ್ತು ಸಂಘ ಏನು ಮಾಡಬಹುದು?



ಬೀಡಿ ಕಟ್ಟಿ, ಡೈರಿಗೆ ಹಾಲು ಹಾಕಿ, ಮಲ್ಲಿಗೆ ಮಾರಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಸಂಘಗಳಲ್ಲಿ ಬಹಳ ಮಂದಿ ಇದ್ದೀರಿ. ಸಂಘದ ಸಾಲದಿಂದ ಫೀಸು ಕಟ್ಟಿ ಬಿ.ಇ., ಬಿ.ಸಿ.ಎ., ಎಂ.ಸಿ.ಎ. ಮುಗಿಸಿದ ಮಕ್ಕಳು ಈಗ ಸಾಫ್ಟ್‌ವೇರ್ ಕೆಲಸ ಹುಡುಕುತ್ತಿದ್ದಾರೆ. ಕೆಲವರಿಗೆ ಕಾಲೇಜಿನಲ್ಲೇ ಕೆಲಸ ಸಿಕ್ಕಿತು. ಸಿಗದವರ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು. ನೆಂಟರು ಬಂದರೆ ಮಗ ಕೋಣೆಯಿಂದ ಹೊರಗೆ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ಯಾರಾದರೂ "ಇಷ್ಟು ಹಣ ಕೊಡಿ, ಕಂಪನಿಗೆ ಸೇರಿಸ್ತೇವೆ" ಅಂದರೆ ತಾಯಿಯ ಮನಸ್ಸು ಕರಗುತ್ತದೆ. ಆ ಹಣಕ್ಕಾಗಿ ಅವಳು ಬರುವುದು ಸಂಘಕ್ಕೆ. ಹಾಗಾಗಿ ಈ ವಿಷಯವನ್ನು ಈ ತಿಂಗಳ ಪಾಠಕ್ಕೆ ಆರಿಸಿಕೊಂಡಿದ್ದೇವೆ.

ಪಾಠದ ಸಾರ ಇಷ್ಟೇ. ಕಲಿಯುವುದಕ್ಕೆ ಸಾಲ ಕೊಡೋಣ. ಕೆಲಸ ಕೊಂಡುಕೊಳ್ಳುವುದಕ್ಕೆ ಸಾಲ ಕೊಡುವುದು ಬೇಡ.

1. ಕೆಲಸ ಯಾಕೆ ಬೇಗ ಸಿಗುತ್ತಿಲ್ಲ?

ಕೊರೊನಾ ನಂತರ 2021 ಮತ್ತು 2022ರಲ್ಲಿ ಕಂಪನಿಗಳು ಹೊಸಬರನ್ನು ರಾಶಿ ರಾಶಿಯಾಗಿ ಸೇರಿಸಿಕೊಂಡವು. 2023 ಮತ್ತು 2024ರಲ್ಲಿ ಆ ನೇಮಕಾತಿ ತುಂಬಾ ಇಳಿಯಿತು. 2022ರಲ್ಲಿ ಆಫರ್ ಲೆಟರ್ ಪಡೆದ ಕೆಲವರು ಕೆಲಸಕ್ಕೆ ಸೇರಲು ಸುಮಾರು ಎರಡು ವರ್ಷ ಕಾದರು. ಇನ್ನೊಂದು ಬದಲಾವಣೆಯೂ ಆಗಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡಿಂಗ್ ಕೆಲಸವನ್ನು ಇಂಥ ಯಂತ್ರಗಳೂ ಮಾಡಿಕೊಡುತ್ತವೆ. ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ನೋಡಿ ತಿದ್ದಬಲ್ಲವರು ಕಂಪನಿಗಳಿಗೆ ಬೇಕಾಗಿದ್ದಾರೆ.

ಆದ್ದರಿಂದ ಮನೆಯಲ್ಲಿರುವ ಮಗುವನ್ನು ಸೋಮಾರಿ ಎನ್ನಬೇಡಿ. ಪಕ್ಕದ ಮನೆಯವರ ಮಗನ ಜೊತೆ ಹೋಲಿಸಬೇಡಿ. ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಸಾಮತಿಯಲ್ಲಿ ಕೆಲವರು ಸಂಜೆಯವರೆಗೂ ಪೇಟೆಯಲ್ಲಿ ನಿಂತೇ ಇದ್ದರು. ಅವರಿಗೆ ಮನಸ್ಸಿಲ್ಲ ಅಂತಲ್ಲ, ಕರೆಯುವವರು ಇರಲಿಲ್ಲ. ತೋಟದ ಯಜಮಾನ ಅವರನ್ನೂ ಕರೆದ. ನಮ್ಮ ಮಕ್ಕಳೂ ಈಗ ಹಾಗೆ ನಿಂತಿದ್ದಾರೆ. ಆದರೆ ಕಾಯುವ ದಿನಗಳನ್ನು ಸುಮ್ಮನೆ ಕಳೆಯಬಾರದು.

2. ಆಯ್ಕೆ ಹೇಗೆ ನಡೆಯುತ್ತದೆ?

ದಾರಿ ಗೊತ್ತಿದ್ದರೆ ಯಾರೂ ನಮ್ಮನ್ನು ಮೋಸ ಮಾಡಲಾರರು. ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ. ಅದರಲ್ಲಿ ಲೆಕ್ಕ, ತರ್ಕ, ಇಂಗ್ಲಿಷ್, ಪ್ರೋಗ್ರಾಮಿಂಗ್ ಇರುತ್ತದೆ. ಪಾಸಾದರೆ ವಿಷಯದ ಬಗ್ಗೆ ಇಂಟರ್‌ವ್ಯೂ, ಆಮೇಲೆ ಎಚ್.ಆರ್. ಇಂಟರ್‌ವ್ಯೂ. ಅನೇಕ ಕಂಪನಿಗಳು ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ ಶೇ. 60 ಅಂಕ ಕೇಳುತ್ತವೆ. ಬಾಕಿ ಉಳಿದ ಸಬ್ಜೆಕ್ಟ್ ಇರಬಾರದು ಎನ್ನುತ್ತವೆ. ಹಾಗಾಗಿ ಬ್ಯಾಕ್‌ಲಾಗ್ ಇದ್ದರೆ ಮೊದಲು ಅದನ್ನು ಮುಗಿಸಲಿ.

ಆಫರ್ ಲೆಟರ್ ಬೇರೆ, ಸೇರುವ ದಿನಾಂಕ ಬೇರೆ. ಆಫರ್ ಲೆಟರ್ ಬಂತೆಂದು ಕೂಡಲೇ ಸಾಲ ಮಾಡಿ ಗಾಡಿ ತೆಗೆದುಕೊಳ್ಳಬೇಡಿ. ಸಂಬಳದ ಅಂದಾಜೂ ಇರಲಿ. ದೊಡ್ಡ ಕಂಪನಿಗಳು ಹೆಚ್ಚಿನ ಹೊಸಬರಿಗೆ ವರ್ಷಕ್ಕೆ 3ರಿಂದ 4 ಲಕ್ಷ ಎಂದು ಬರೆಯುತ್ತವೆ. ಅದರಲ್ಲಿ ಪಿ.ಎಫ್. ಮುಂತಾದದ್ದು ಕಳೆದು ಕೈಗೆ ಸಿಗುವುದು ಕಡಿಮೆ. ಬೆಂಗಳೂರಿನ ಪಿ.ಜಿ. ಬಾಡಿಗೆ, ಬಸ್ಸು, ಊಟ ಅದರಲ್ಲೇ ಆಗಬೇಕು. ಮೊದಲ ವರ್ಷವೇ ಮನೆಯ ಎಲ್ಲಾ ಸಾಲ ತೀರುತ್ತದೆ ಎಂಬ ಲೆಕ್ಕ ಹಾಕಬೇಡಿ.

3. ಹಣ ಸುರಿಯದೆ ಕಲಿಯುವ ದಾರಿಗಳು

ಸಾವಿರಾರು ರೂಪಾಯಿ ಕೊಟ್ಟು ಕೋರ್ಸಿಗೆ ಸೇರುವ ಮೊದಲು ಇವುಗಳನ್ನು ನೋಡಲು ಹೇಳಿ:

- ಕೇಂದ್ರ ಸರಕಾರದ 'ಸ್ವಯಂ' ಮತ್ತು ಐಐಟಿಗಳ ಎನ್‌ಪಿಟಿಇಎಲ್ ಪಾಠಗಳು. ಕಲಿಯಲು ಹಣವಿಲ್ಲ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ.
- ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್'. ಕೆಲವು ಪಾಠಗಳು ಕನ್ನಡದಲ್ಲೂ ಇವೆ. ಇಂಗ್ಲಿಷ್ ಕಷ್ಟ ಎನ್ನುವ ಮಕ್ಕಳಿಗೆ ಒಳ್ಳೆಯ ಆರಂಭ.
- 'ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್'. ಇಲ್ಲೂ ಉಚಿತವಾಗಿ ಕಲಿಯಬಹುದು.
- 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೂ ತರಬೇತಿ ಇದೆ. ಇದಕ್ಕೆ ಸರಕಾರದ 'ನ್ಯಾಟ್ಸ್' ಯೋಜನೆಯಲ್ಲಿ ಹೆಸರು ನೋಂದಾಯಿಸಬೇಕು. ತಿಂಗಳಿಗೆ ಸ್ಟೈಪೆಂಡ್ ಸಿಗುತ್ತದೆ, ಅನುಭವವೂ ಆಗುತ್ತದೆ.

ಬರೇ ಸರ್ಟಿಫಿಕೇಟ್ ಕೂಡಿಸಿಟ್ಟರೆ ಸಾಲದು. ಕಲಿತದ್ದರಿಂದ ಏನಾದರೂ ಮಾಡಿ ತೋರಿಸಬೇಕು. ನಿಮ್ಮ ಸಂಘದ ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಇಡುವ ಒಂದು ಸಣ್ಣ ಆ್ಯಪ್ ಮಾಡಲು ಮಗಳಿಗೆ ಹೇಳಿ ನೋಡಿ. ಕಂತು ತಪ್ಪಿದವರ ಲೆಕ್ಕ ಹೇಗೆ, ದಂಡ ಎಷ್ಟು ಎಂದು ಅವಳು ನಿಮ್ಮನ್ನೇ ಕೇಳಬೇಕಾಗುತ್ತದೆ. ಅದನ್ನು 'ಗಿಟ್‌ಹಬ್' ಎಂಬಲ್ಲಿ ಹಾಕಿಟ್ಟರೆ ಇಂಟರ್‌ವ್ಯೂನಲ್ಲಿ ತೋರಿಸಬಹುದು. ಸದಸ್ಯರ ಹೆಸರು, ಖಾತೆ ನಂಬರ್ ಮಾತ್ರ ಅದರಲ್ಲಿ ಹಾಕಬಾರದು.

ಖರ್ಚಿಗೆ ಕರ್ನಾಟಕ ಸರಕಾರದ ಯುವನಿಧಿ ಇದೆ. 2023ರ ಡಿಸೆಂಬರ್‌ನಲ್ಲಿ ನೋಂದಣಿ ಆರಂಭವಾದ ಈ ಯೋಜನೆಯಲ್ಲಿ ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾದವರಿಗೆ 1,500 ರೂ., ಹೆಚ್ಚೆಂದರೆ ಎರಡು ವರ್ಷ ಎಂದು ನಿಗದಿಯಾಗಿದೆ. ನಿಮ್ಮ ಮಗುವಿಗೆ ಅರ್ಹತೆ ಇದೆಯೇ ಎಂದು ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸಿ.

4. ಮೋಸ ಎಲ್ಲಿ ಆಗುತ್ತದೆ?

ನಮ್ಮ ಒಂದು ಸಂಘದಲ್ಲಿ ಸದಸ್ಯೆಯೊಬ್ಬರು ಮಗಳ ಕೆಲಸಕ್ಕೆಂದು 60,000 ರೂ. ಸಾಲ ಕೇಳಿದರು. ಏಜೆಂಟ್ ಅದೇ ದಿನ ಸಂಜೆಯೊಳಗೆ ಹಣ ಹಾಕಲು ಹೇಳಿದ್ದ. ಸಂಘದ ಪ್ರತಿನಿಧಿ ಓದಿದ್ದು ಏಳನೇ ತರಗತಿ. ಆದರೆ ಅವರು ಕೇಳಿದ ಪ್ರಶ್ನೆ ನೋಡಿ: "ಹಣ ಯಾರ ಖಾತೆಗೆ? ಕಂಪನಿ ಹೆಸರಿಗಾ, ಅವನ ಹೆಸರಿಗಾ? ರಶೀದಿ ಕೊಡ್ತಾನಾ?" ಖಾತೆ ಅವನದ್ದೇ. ರಶೀದಿ ಇಲ್ಲ. ಕಂಪನಿಯ ಪತ್ರ ಮೊದಲು ಬರಲಿ, ಹಣ ಆಮೇಲೆ ನೋಡುವ ಎಂದು ಸಂಘ ಹೇಳಿತು. ಮರುದಿನದಿಂದ ಆ ಫೋನ್ ಎತ್ತುವವರೇ ಇಲ್ಲ! ಆ ತಾಯಿ ಸಭೆಯಲ್ಲೇ ಅತ್ತರು. ಕೆಲಸ ತಪ್ಪಿತಲ್ಲಾ ಎಂಬ ದುಃಖ ಅವರಿಗೆ. ಮುಂದಿನ ವಾರ ಸಂಘ ಹಳೆಯ ಲ್ಯಾಪ್‌ಟಾಪಿಗೆ 18,000 ರೂ. ಕೊಟ್ಟಿತು. ಹತ್ತು ತಿಂಗಳ ನಂತರ ಹುಡುಗಿ ಒಂದು ಸಣ್ಣ ಕಂಪನಿಗೆ ಸೇರಿದಳು. ಸಂಬಳ ದೊಡ್ಡದಲ್ಲ, ಆದರೆ ಕಂತು ತಪ್ಪಿಲ್ಲ.

ಈ ಮಾತುಗಳನ್ನು ನೆನಪಿಡಿ:

- ನಿಜವಾದ ಕಂಪನಿ ಕೆಲಸ ಕೊಡಲು ಹಣ ಕೇಳುವುದಿಲ್ಲ. ಡೆಪಾಸಿಟ್, ಲ್ಯಾಪ್‌ಟಾಪ್ ಶುಲ್ಕ, ಫೈಲ್ ಚಾರ್ಜ್, ಹೆಸರು ಏನೇ ಇರಲಿ, ಮೋಸವೇ.
- ಮೂಲ ಅಂಕಪಟ್ಟಿಯನ್ನು ನೋಡಿ ಹಿಂದೆ ಕೊಡಲಿ. ಇಟ್ಟುಕೊಳ್ಳಲು ಬಿಡಬೇಡಿ.
- ಸುಳ್ಳು ಅನುಭವ ಪತ್ರ ಬೇಡವೇ ಬೇಡ. ಕಂಪನಿಗಳು ಪಿ.ಎಫ್. ದಾಖಲೆ ನೋಡಿ ಪರಿಶೀಲಿಸುತ್ತವೆ. ಸಿಕ್ಕಿದ ಕೆಲಸವೂ ಹೋಗುತ್ತದೆ.
- ಬಾಂಡ್ ಓದದೆ ಸಹಿ ಹಾಕಬೇಡಿ. ಮೂರು ವರ್ಷಕ್ಕಿಂತ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂ. ಕೊಡಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಬಾಂಡ್ ಬರೇ ಕಾಗದ ಎಂದು ತಿಳಿಯಬೇಡಿ.
- ವಿದೇಶದಲ್ಲಿ ಕಂಪ್ಯೂಟರ್ ಕೆಲಸ ಎಂದು ನಂಬಿಸಿ ಮ್ಯಾನ್ಮಾರ್ ಗಡಿಯಲ್ಲಿ ಕೂಡಿಹಾಕಿ ಸೈಬರ್ ವಂಚನೆ ಮಾಡಿಸಿದ್ದೂ ಉಂಟು. 2025ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಅಲ್ಲಿಂದ 500ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು.

ಹಣ ಹೋಗಿದ್ದರೆ ಮರ್ಯಾದೆಗೆ ಅಂಜಿ ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ತಡವಾದಷ್ಟು ಹಣ ಹಿಂದೆ ಸಿಗುವುದು ಕಷ್ಟ.

5. ಮಗಳಿಗೂ ಅಷ್ಟೇ ಸಮಯ

ಮಗನಿಗೆ ಇನ್ನೊಂದು ವರ್ಷ ನೋಡುವ ಎನ್ನುತ್ತೇವೆ. ಮಗಳಿಗೆ ಆರು ತಿಂಗಳಾಗುವಾಗ ಗಂಡು ಹುಡುಕಲು ಶುರು. ಓದಿಸಿದ ಸಾಲ ಇಬ್ಬರದ್ದೂ ಒಂದೇ. ಮನೆಗೆಲಸದ ಭಾರ ಮಾತ್ರ ಅವಳೊಬ್ಬಳ ಮೇಲೆ! ದಿನಕ್ಕೆ ನಾಲ್ಕು ಗಂಟೆ ಯಾರೂ ಕರೆಯದ ಹಾಗೆ ಅವಳು ಕೂತು ಕಲಿಯಲಿ. ಒಂದು ವರ್ಷ ಎಂದು ಮಾತಾಡಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಏನು ಕಲಿತೆ, ಎಲ್ಲಿ ಅರ್ಜಿ ಹಾಕಿದೆ ಎಂದು ಪ್ರೀತಿಯಿಂದ ಕೇಳಿ. ಸಾಫ್ಟ್‌ವೇರ್ ಟೆಸ್ಟಿಂಗ್, ಸಪೋರ್ಟ್ ಕೆಲಸ, ಊರ ಹತ್ತಿರದ ಸಣ್ಣ ಕಂಪನಿ, ಬ್ಯಾಂಕ್ ಪರೀಕ್ಷೆ, ಇವೂ ಒಳ್ಳೆಯ ದಾರಿಗಳೇ. ಮಗು ಊಟ ಬಿಟ್ಟು, ಮಾತು ಬಿಟ್ಟು ಕೂತರೆ ಅದನ್ನು ಹಟ ಎಂದುಕೊಳ್ಳಬೇಡಿ. ಸರಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಪದವಿ ಮುಗಿಸಿ ಕೆಲಸ ಹುಡುಕುವ ಮಕ್ಕಳು ಎಷ್ಟು ಮಂದಿ? ಅದರಲ್ಲಿ ಹುಡುಗಿಯರು ಎಷ್ಟು?
2. ಕೆಲಸಕ್ಕೆಂದು ಯಾರಾದರೂ ಹಣ ಕೊಟ್ಟಿದ್ದೇವೆಯೇ? ಏನಾಯಿತು?
3. ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ, ಇಂಟರ್‌ವ್ಯೂ ಪ್ರಯಾಣಕ್ಕೆ ಎಷ್ಟರವರೆಗೆ ಸಾಲ ಕೊಡಬಹುದು?
4. ಕೆಲಸದಲ್ಲಿರುವ ಊರಿನ ಯುವಕ ಯುವತಿಯರನ್ನು ಒಂದು ಭಾನುವಾರ ಕರೆಸಿ ನಮ್ಮ ಮಕ್ಕಳ ಜೊತೆ ಮಾತಾಡಿಸಬಹುದೇ?

ಚರ್ಚೆ ಮುಗಿದ ಮೇಲೆ ಸಾಲದ ಬಗ್ಗೆ ನೀವು ಒಪ್ಪಿಕೊಂಡದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ನಾಳೆ ಏಜೆಂಟ್ ಅವಸರ ಮಾಡಿದಾಗ "ನಮ್ಮ ಸಂಘದಲ್ಲಿ ಹೀಗೆ ನಿರ್ಣಯ ಆಗಿದೆ" ಎಂದು ಹೇಳಲು ಆ ತಾಯಿಗೆ ಧೈರ್ಯ ಬರುತ್ತದೆ.