ಕ್ರೋಷಾ ಹೆಣಿಗೆಯ ಲಿಪಿ

ಅಕ್ಕಿಪೇಟೆಯಲ್ಲಿರುವ ನಮ್ಮ ದೊಡ್ಡಮ್ಮನವರ ಮನೆಯಲ್ಲಿ ಹಾಲಿನ ಪಾತ್ರೆಗೆ ಮುಚ್ಚುವ ಒಂದು ದುಂಡನೆಯ ಮುಸುಕು ಉಂಟು. ಬಿಳಿಯ ನೂಲಿನಲ್ಲಿ ಹೆಣೆದು, ಗಾಳಿಗೆ ಹಾರದಂತೆ ಅಂಚಿಗೆ ಗಾಜಿನ ಮಣಿಗಳನ್ನು ಪೋಣಿಸಿದುದು. ಈಗ ನೂಲು ಹಳದಿಗಟ್ಟಿ ಅಲ್ಲಲ್ಲಿ ಸವೆದಿದೆ. ಇನ್ನೊಂದನ್ನು ಹೆಣೆಯಲು ದೊಡ್ಡಮ್ಮನವರ ಕಣ್ಣು ಸಾಲದು. ಅದರ ಲೆಕ್ಕವನ್ನು ಅವರು ಎಲ್ಲಿಯೂ ಬರೆದಿಟ್ಟವರಲ್ಲ. ಆದುದರಿಂದ ನಮ್ಮ ತಂಗಿಯು ಚಿಕ್ಕಪೇಟೆಯಿಂದ ನೂಲನ್ನೂ ಕಡ್ಡಿಯನ್ನೂ ತಂದು, ಅಚ್ಚಾದ ಒಂದು ಇಂಗ್ಲಿಷ್ ಮಾದರಿಯನ್ನು ಎದುರಿಗಿಟ್ಟುಕೊಂಡು ಕುಳಿತಳು. ನಾಲ್ಕು ಸಂಜೆಗಳ ಶ್ರಮದ ಫಲವಾಗಿ ಹುಟ್ಟಿದುದು ಮುಸುಕಲ್ಲ. ಅಂಚೆಲ್ಲ ನಿರಿಗೆ ನಿರಿಗೆಯಾದ ಕೋಳಿಜುಟ್ಟಿನ ಹೂವು! ಅವಳು ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ. ಹಾಗಾದರೆ ತಪ್ಪಿದುದೆಲ್ಲಿ?

ಕ್ರೋಷಾ ಎಂಬ ಹೆಸರು ಸಣ್ಣ ಕೊಕ್ಕೆ ಎಂಬರ್ಥದ ಫ್ರೆಂಚ್ ಪದದಿಂದ ಬಂದುದು. ಒಂದೇ ಕೊಕ್ಕೆ, ಒಂದೇ ಎಳೆ. ಕುಣಿಕೆಯೊಳಗಿಂದ ಕುಣಿಕೆಯನ್ನು ಎಳೆಯುವುದೇ ಇದರ ಸರ್ವಸ್ವ. ಹೀಗೆ ಒಂದರ ಮುಂದೊಂದು ಎಳೆದರೆ ಸರಪಳಿಯಾಗುವುದು. ಹೆಣೆದ ಭಾಗದೊಳಕ್ಕೆ ಕೊಕ್ಕೆಯನ್ನು ತೂರಿಸಿ ನೂಲನ್ನೆಳೆದು, ಕಡ್ಡಿಯ ಮೇಲಿನ ಎರಡು ಕುಣಿಕೆಗಳನ್ನು ಒಮ್ಮೆಗೇ ದಾಟಿಸಿದರೆ ಒಂದು ಗಿಡ್ಡ ಕಂಬ ನಿಲ್ಲುವುದು. ತೂರಿಸುವ ಮೊದಲೇ ಕಡ್ಡಿಗೆ ನೂಲನ್ನು ಒಂದು ಸುತ್ತು ಸುತ್ತಿಕೊಂಡು, ಅನಂತರ ಕುಣಿಕೆಗಳನ್ನು ಎರಡೆರಡಾಗಿ ದಾಟಿಸಿದರೆ ಎತ್ತರದ ಕಂಬ. ಇದು ಗಿಡ್ಡದರ ಸುಮಾರು ಎರಡರಷ್ಟು ಎತ್ತರ. ಕಂಬವೆಂಬ ಮಾತು ನಮ್ಮ ಕಲ್ಪನೆ ಮಾತ್ರವಲ್ಲ. ರಷ್ಯನರೂ ಪೋಲೆಂಡಿನವರೂ ಇದನ್ನು ತಮ್ಮ ಭಾಷೆಗಳಲ್ಲಿ ಪುಟ್ಟ ಕಂಬವೆಂದೇ ಕರೆಯುವರು.

ಇಂಗ್ಲಿಷ್ ಮಾದರಿಗಳಲ್ಲಿ ಈ ಹೆಸರುಗಳನ್ನು ಎರಡು ಮೂರು ಅಕ್ಷರಗಳಿಗೆ ಇಳಿಸಿರುವರು. ಅಪಾಯ ಇಲ್ಲಿಯೇ ಅಡಗಿದೆ. ‘ಡಿಸಿ’, ಅಂದರೆ ಡಬಲ್ ಕ್ರೋಷಾ, ಬ್ರಿಟಿಷ್ ಪದ್ಧತಿಯಲ್ಲಿ ಗಿಡ್ಡ ಕಂಬದ ಹೆಸರು. ಅಮೆರಿಕದ ಪದ್ಧತಿಯಲ್ಲಿ ಎತ್ತರದ ಕಂಬದ ಹೆಸರು. ಎತ್ತರದ್ದನ್ನು ಬ್ರಿಟಿಷರು ಟ್ರೆಬಲ್ ಎನ್ನುವರು. ಗಿಡ್ಡದ್ದನ್ನು ಅಮೆರಿಕದವರು ಸಿಂಗಲ್, ಅಂದರೆ ‘ಎಸ್‌ಸಿ’ ಎನ್ನುವರು. ಇಂದಿನ ಬ್ರಿಟಿಷ್ ಪದ್ಧತಿಯಲ್ಲಿ ಸಿಂಗಲ್ ಎಂಬುದೇ ಇಲ್ಲ. ಆದುದರಿಂದ ಹೊಸದಾಗಿ ಕಲಿಯುವವರು ಕಡ್ಡಿಯನ್ನು ಹಿಡಿಯುವ ಮೊದಲು ಮಾದರಿಯಲ್ಲಿ ‘ಎಸ್‌ಸಿ’ಯನ್ನು ಹುಡುಕಲಿ. ಅದು ಒಂದೆಡೆ ಕಂಡರೂ ಮಾದರಿಯು ಅಮೆರಿಕದ್ದೆಂದು ತಿಳಿಯಬಹುದು. ನಮ್ಮ ತಂಗಿಯು ಕಲಿತುದು ಬ್ರಿಟಿಷ್ ಹೆಸರುಗಳನ್ನು. ತಂದ ಮಾದರಿಯು ಅಮೆರಿಕದ್ದು.

ಆದರೆ ಕಂಬ ಗಿಡ್ಡವಾದರೆ ಬಟ್ಟೆ ಚಿಕ್ಕದಾಗಬೇಕಲ್ಲದೆ ನಿರಿಗೆಯೇಕೆ ಬೀಳಬೇಕು? ಇದಕ್ಕೆ ಉತ್ತರ ವಾಚಕರು ಶಾಲೆಯಲ್ಲಿ ಕಲಿತ ವೃತ್ತದ ಪರಿಧಿಯಲ್ಲಿದೆ. ಪ್ರತಿ ಸುತ್ತಿನಲ್ಲಿಯೂ ತ್ರಿಜ್ಯವು ಒಂದು ಕಂಬದ ಎತ್ತರದಷ್ಟು ಬೆಳೆಯುವುದು. ಆಗ ಪರಿಧಿಯು ಆ ಎತ್ತರದ 2π ಪಟ್ಟು, ಎಂದರೆ ಸುಮಾರು 6.28 ಪಟ್ಟು ಬೆಳೆಯಬೇಕು. ಗಿಡ್ಡ ಕಂಬದ ಎತ್ತರವೂ ಅಗಲವೂ ಹೆಚ್ಚುಕಡಮೆ ಸಮ. ಆದುದರಿಂದ ಸುತ್ತಿಗೆ 6 ಕಂಬಗಳು ಹೆಚ್ಚಿದರೆ ಸಾಕು. ಎತ್ತರದ ಕಂಬಕ್ಕೆ 12 ಬೇಕು. ತಂಗಿಯು 12ರ ಲೆಕ್ಕದಲ್ಲಿ ಗಿಡ್ಡ ಕಂಬಗಳನ್ನು ಹೆಣೆದಳು. ತ್ರಿಜ್ಯಕ್ಕೆ ಮೀರಿ ಬೆಳೆದ ಪರಿಧಿಗೆ ಸಮತಲದಲ್ಲಿ ಎಡೆಯಿಲ್ಲದೆ ಅಲೆಯಲೆಯಾಗಿ ಎದ್ದಿತು. ಹೆಚ್ಚಳವು ಕಡಮೆಯಾಗಿದ್ದರೆ ಅಂಚು ಮೇಲಕ್ಕೆ ಬಾಗಿ ಬೋಗುಣಿಯಾಗುತ್ತಿತ್ತು. ಇಂತಹ ನಿರಿಗೆಯ ಮೇಲ್ಮೈಯನ್ನೇ ಬೇಕೆಂದು ಹೆಣೆದವರೂ ಉಂಟು. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ ಅವರು, ಯೂಕ್ಲಿಡನ ನಿಯಮಕ್ಕೆ ಒಳಪಡದ ಹೈಪರ್ಬೋಲಿಕ್ ಜ್ಯಾಮಿತಿಯನ್ನು ವಿದ್ಯಾರ್ಥಿಗಳ ಕೈಗೆ ಕೊಡಲು ಕ್ರೋಷಾ ಕಡ್ಡಿಯನ್ನೇ ಹಿಡಿದರು. ತಂಗಿಗೆ ಇದನ್ನು ಹೇಳಿದೆವು; ಅವಳಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ.

ಈಗ ಒಂದು ಮಾದರಿಯನ್ನು ಓದೋಣ. ಗಿ ಎಂದರೆ ಗಿಡ್ಡ ಕಂಬ.

ಸುತ್ತು 1: ನಡುವಿನ ಕುಣಿಕೆಯಲ್ಲಿ 6 ಗಿ (6).
ಸುತ್ತು 2: ಪ್ರತಿ ಕಂಬದ ಮೇಲೂ 2 ಗಿ (12).
ಸುತ್ತು 3: * 1 ಗಿ, ಮುಂದಿನ ಕಂಬದ ಮೇಲೆ 2 ಗಿ, * ರಿಂದ ಒಟ್ಟು 6 ಸಲ (18).

ನಕ್ಷತ್ರದ ಗುರುತು ಎಲ್ಲಿಂದ ಮತ್ತೆ ಆರಂಭಿಸಬೇಕೆಂಬುದನ್ನು ತಿಳಿಸುವುದು. ಸಂಗೀತದ ಪಾಠದಲ್ಲಿ ಪಲ್ಲವಿಗೆ ಮರಳುವಂತೆ. ಆವರಣದೊಳಗಿನ ಅಂಕೆಯು ಆಜ್ಞೆಯಲ್ಲ, ತಾಳೆ ನೋಡುವ ಮೊತ್ತ. ಅದನ್ನು ಬಿಟ್ಟು ಓದುವವರೇ ಹೆಚ್ಚು. ಆದರೆ ನಮ್ಮ ಮಟ್ಟಿಗೆ ಮಾದರಿಯಲ್ಲಿ ಅತ್ಯಂತ ಬೆಲೆಯುಳ್ಳುದು ಅದೇ. ನಾಲ್ಕನೆಯ ಸುತ್ತಿಗೆ 24, ಐದನೆಯದಕ್ಕೆ 30. ಇಷ್ಟನ್ನು ಕಂಡುಕೊಂಡವರಿಗೆ ಆರನೆಯ ಸುತ್ತನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಲೆಕ್ಕ ನಮ್ಮವರಿಗೆ ಹೊಸತೂ ಅಲ್ಲ. ಬಾಗಿಲ ಮುಂದೆ ರಂಗೋಲಿ ಹಾಕುವವರು ‘11ರಿಂದ 6, ಸಂದು ಚುಕ್ಕಿ’ ಎಂದಷ್ಟೇ ಹೇಳಿದರೆ ಕೇಳಿದವರಿಗೆ ಇಡೀ ಚಿತ್ರ ತಿಳಿಯುವುದು. ನಡುವಿನ ಸಾಲಿನಲ್ಲಿ 11 ಚುಕ್ಕಿ, ಅದರ ಮೇಲೂ ಕೆಳಗೂ ಸಂದುಗಳಲ್ಲಿ 10, ಹೀಗೆಯೇ 6ರವರೆಗೆ. ಒಟ್ಟು 91 ಚುಕ್ಕಿಗಳು. ಇದನ್ನೇ ನಡುವಿನ ಚುಕ್ಕಿಯಿಂದ ಹೊರಕ್ಕೆ ಸುತ್ತುಸುತ್ತಾಗಿ ಎಣಿಸಿರಿ: 1, 6, 12, 18, 24, 30. ಕೂಡಿದರೆ ಅದೇ 91! ಆರು ಮೂಲೆಗಳ ರಂಗೋಲಿಯೂ ಐದು ಸುತ್ತಿನ ಹೆಣಿಗೆಯೂ ಒಂದೇ ಲೆಕ್ಕದವು. ಪ್ರತಿ ಸುತ್ತಿನಲ್ಲಿಯೂ ಹೆಚ್ಚಳವನ್ನು ಒಂದರ ಮೇಲೊಂದು ಬರುವಂತೆ ಇಟ್ಟರೆ ಹೆಣಿಗೆಯೂ ಆರು ಮೂಲೆಯದಾಗುವುದು. ದುಂಡಾಗಬೇಕಾದರೆ ಆ ಸ್ಥಾನಗಳನ್ನು ಸುತ್ತಿನಿಂದ ಸುತ್ತಿಗೆ ಸರಿಸಬೇಕು.

ಇಷ್ಟು ತಿಳಿದ ಮೇಲೆ ನಾವು ಅಚ್ಚಿನ ಮಾದರಿಯನ್ನು ಬದಿಗಿಟ್ಟು ಹಳೆಯ ಮುಸುಕನ್ನೇ ಓದತೊಡಗಿದೆವು. ಅದನ್ನು ಕಪ್ಪು ಬಟ್ಟೆಯ ಮೇಲೆ ಹರಡಿ, ಭೂತಗನ್ನಡಿಯನ್ನು ಹಿಡಿದು, ಒಂದೊಂದು ಸುತ್ತಿಗೂ ಗುರುತಿಗಾಗಿ ಕೆಂಪು ದಾರವನ್ನು ಕಟ್ಟಿ ತಂಗಿಯು ಎಣಿಸಿದಳು, ನಾವು ಬರೆದುಕೊಂಡೆವು. ನಡುವಿನ ಹನ್ನೆರಡು ಸುತ್ತುಗಳು ಗಿಡ್ಡ ಕಂಬದವು, ಆಚೆಯದು ಸರಪಳಿಯ ಜಾಲರಿ. ಏಳನೆಯ ಸುತ್ತಿನವರೆಗೆ ಆರಾರು ತಪ್ಪದೆ ಹೆಚ್ಚಿತು. ಎಂಟನೆಯದರಲ್ಲಿ 48 ಇರಬೇಕಾದಲ್ಲಿ 47. ಮೂರು ಸಲ ಎಣಿಸಿದರೂ 47. ಒಂಬತ್ತನೆಯದರಲ್ಲಿ ಮಾತ್ರ ಏಳು ಹೆಚ್ಚಿ, ಮತ್ತೆ 54ಕ್ಕೆ ಬಂದಿತ್ತು.

ದೊಡ್ಡಮ್ಮನವರು ಮುಸುಕನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ ಆ ಸುತ್ತನ್ನು ಸವರುತ್ತ ಹೋಗಿ ಒಂದೆಡೆ ನಿಂತರು. “ಇಲ್ಲಿ ಒಂದು ಬಿಟ್ಟಿದ್ದೆ. ಬಿಚ್ಚಲು ಬೇಸರವಾಗಿ ಮುಂದಿನ ಸುತ್ತಿನಲ್ಲಿ ಸೇರಿಸಿಬಿಟ್ಟೆ” ಎಂದರು. ಹಾಗಾದರೆ ಕಾಗದದಲ್ಲಿ ಎಷ್ಟೆಂದು ಬರೆಯಬೇಕೆಂದು ಕೇಳಿದೆವು.

“ನಲವತ್ತೆಂಟು ಅಂತಲೇ ಬರೆ, ಮಗು.”

ತಂಗಿಯು ಈಗ ಒಂಬತ್ತನೆಯ ಸುತ್ತಿನಲ್ಲಿದ್ದಾಳೆ. ಬಟ್ಟೆ ಮೇಜಿನ ಮೇಲೆ ಸಮನಾಗಿ ಕುಳಿತಿದೆ.