ಲೋಟದ ಮೇಲೆ ಮಧುಗಿರಿ ಬೆಟ್ಟ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಮನೆಗಳಲ್ಲಿ ಸ್ಟೀಲ್ ಪಾತ್ರೆ ತಿರುಗಿಸಿ ನೋಡಿದ್ರೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಹೆಸರು ಕಾಣುತ್ತೆ. ಅದೇ ಸ್ಟೀಲ್ ಲೋಟದ ಮೇಲೆ ಮಧುಗಿರಿಯ ಏಕಶಿಲಾ ಬೆಟ್ಟವನ್ನ ಸಬ್ಲಿಮೇಷನ್‌ನಿಂದ ಬಣ್ಣದಲ್ಲಿ ಮೂಡಿಸಬಹುದಾ? ಆಗಲ್ಲ. ಯಾಕೆ ಅಂತ ನೋಡೋಣ.

ಡಬ್ಬಿಯಲ್ಲಿಟ್ಟ ಕರ್ಪೂರ ನೀರಾಗದೆ ನೇರವಾಗಿ ಆವಿಯಾಗಿ ಸವೆಯುತ್ತಲ್ಲ, ಅದೇ ಉತ್ಪತನ, ಅಂದ್ರೆ ಸಬ್ಲಿಮೇಷನ್. ಈ ಇಂಕಿನ ಬಣ್ಣವೂ ಸುಮಾರು 180–200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಆವಿಯಾಗಿ ಪಾಲಿಯೆಸ್ಟರ್ ಲೇಪನದೊಳಗೆ ಇಳಿಯುತ್ತೆ. ಬರೀ ಸ್ಟೀಲ್‌ನಲ್ಲಿ ಇಳಿಯೋಕೆ ಜಾಗವೇ ಇಲ್ಲ. ಇಂಕಿನಲ್ಲಿ ಬಿಳಿ ಬಣ್ಣವೂ ಇಲ್ಲ. ಅದಕ್ಕೇ ಬಿಳಿ ಲೇಪನದ ಟಂಬ್ಲರ್ ಬೇಕು.

ಮಾಡೋ ಕ್ರಮ:

1. ವಿನ್ಯಾಸದಲ್ಲಿ ಒತ್ತಕ್ಷರಗಳು ಒಡೆದಿಲ್ಲ ಅಂತ ಮೊದಲೇ ಓದಿ ನೋಡೋಣ. ಆಮೇಲೆ ಕನ್ನಡಿ ಬಿಂಬದಂತೆ ತಿರುಗಿಸಿ ಪ್ರಿಂಟ್ ತೆಗೆಯೋಣ. ತಿರುಗಿಸಿದ ಮೇಲೆ ಕನ್ನಡದ ತಪ್ಪು ಕಣ್ಣಿಗೆ ಬೀಳೋದು ಕಷ್ಟ.
2. ಟಂಬ್ಲರನ್ನ ಒರೆಸಿ, ಮುಚ್ಚಳ ತೆಗೆದು, ಕಾಗದವನ್ನ ಬಿಗಿಯಾಗಿ ಸುತ್ತಿ ಶಾಖ ತಡೆಯೋ ಟೇಪ್ ಹಾಕೋಣ. ಕಾಗದ ಜರುಗಿದ್ರೆ ಚಿತ್ರ ಮಸುಕು.
3. ಟಂಬ್ಲರ್ ಪ್ರೆಸ್‌ನಲ್ಲಿಟ್ಟು, ತಯಾರಕರು ಹೇಳಿದಷ್ಟೇ ಶಾಖ, ಅಷ್ಟೇ ಹೊತ್ತು ಕೊಡೋಣ. ಕಿಟಕಿ ತೆರೆದಿರಲಿ. ಅಡುಗೆಯ ಅವನ್ ಮಾತ್ರ ಇದಕ್ಕೆ ಬಳಸೋದು ಬೇಡ.
4. ಕೈಗವಸು ಹಾಕಿ ಕಾಗದ ಬಿಚ್ಚೋಣ.

ಕೆತ್ತಿದ ಹೆಸರು ಲೋಹದಲ್ಲೇ ಇದೆ, ಎಷ್ಟು ಉಜ್ಜಿದ್ರೂ ಬೇಗ ಅಳಿಯಲ್ಲ. ನಮ್ಮ ಬೆಟ್ಟ ಇರೋದು ತೆಳು ಲೇಪನದಲ್ಲಿ. ಹಾಗಾಗಿ ಉಡುಗೊರೆ ಕೊಡುವಾಗ ಒಂದು ಮಾತು ಸೇರಿಸೋಣ: ಸ್ಟೀಲ್ ನಾರಿನಲ್ಲಿ ಉಜ್ಜಬೇಡಿ.